ವೂಡೂ3, ಟಿಎನ್‌ಟಿ2: 1999ರ ಜಟಾಪಟಿಯಲ್ಲಿ ಉಳಿದವರು ಯಾರು?

ಎನ್‌ವಿಡಿಯಾ ಹೆಸರು ಈಗ ಎಲ್ಲರಿಗೂ ಗೊತ್ತು. ಷೇರು ಪೇಟೆಯ ಸುದ್ದಿ ಇರಲಿ, ಎಐ ಬಗೆಗಿನ ಮಾತಿರಲಿ, ಆ ಹೆಸರು ಬಂದೇ ಬರುತ್ತದೆ. ಆದರೆ 1999ರ ಆರಂಭದಲ್ಲಿ ಕಂಪ್ಯೂಟರ್ ಗೇಮ್ ಆಡುವವರನ್ನು ಕೇಳಿದ್ದರೆ ಬಹಳ ಮಂದಿ ಮೊದಲು ಹೇಳುತ್ತಿದ್ದ ಹೆಸರು ಬೇರೆ: ತ್ರೀಡಿಎಫ್‌ಎಕ್ಸ್. ಆ ಕಂಪನಿ ಈಗಿಲ್ಲ. ಅದು ಇಲ್ಲವಾಗುವ ಮುನ್ನ ಇಬ್ಬರ ಎರಡು ಕಾರ್ಡ್‌ಗಳು ಎದುರುಬದುರಾದವು. ಅವುಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ.

ಗ್ರಾಫಿಕ್ಸ್ ಕಾರ್ಡ್ ಎಂದರೆ ಪರದೆಯ ಚಿತ್ರವನ್ನು ಚುಕ್ಕಿ ಚುಕ್ಕಿಯಾಗಿ ಲೆಕ್ಕ ಹಾಕಿ ಬರೆಯುವ ಸಾಧನ. ನೀವು ಇದನ್ನು ಓದುತ್ತಿರುವ ಮೊಬೈಲಿನಲ್ಲೂ ಅದೇ ಕೆಲಸ ಮಾಡುವ ಭಾಗ ಮುಖ್ಯ ಚಿಪ್ಪಿನೊಳಗೇ ಅಡಗಿದೆ. ಆಗ ಅದು ಅಂಗೈಗಿಂತ ದೊಡ್ಡ ಹಲಗೆ. ಕಂಪ್ಯೂಟರ್ ಬಿಚ್ಚಿ ಬೇರೆಯಾಗಿ ಸಿಕ್ಕಿಸಬೇಕಿತ್ತು.

ತ್ರೀಡಿಎಫ್‌ಎಕ್ಸ್ ಶುರುವಾದದ್ದು 1994ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. 1996ರಲ್ಲಿ ಬಂದ ಅದರ ಮೊದಲ ವೂಡೂ ಕಾರ್ಡ್‌ಗೆ ಬರುತ್ತಿದ್ದದ್ದು ತ್ರೀಡಿ ಕೆಲಸ ಒಂದೇ. ಮಾಮೂಲಿ ಕೆಲಸಕ್ಕೆ ಇನ್ನೊಂದು ಕಾರ್ಡ್ ಬೇಕಿತ್ತು, ಎರಡರ ನಡುವೆ ಒಂದು ಕೇಬಲ್ ಎಳೆಯಬೇಕಿತ್ತು. ಇಷ್ಟೆಲ್ಲ ರಗಳೆಯಿದ್ದರೂ ಜನ ಕೊಂಡರು, ಏಕೆಂದರೆ ಆಟ ಅಷ್ಟು ಚೆನ್ನಾಗಿ ಓಡುತ್ತಿತ್ತು. 1998ರಲ್ಲಿ ವೂಡೂ2 ಬಂತು. ಜೋಡೆತ್ತು ಕಟ್ಟಿದ ಹಾಗೆ ಎರಡು ವೂಡೂ2 ಕಾರ್ಡ್‌ಗಳನ್ನು ಜೋಡಿಸಿ ಓಡಿಸಬಹುದಿತ್ತು. ಆ ಜೋಡಣೆಗೆ ಎಸ್‌ಎಲ್‌ಐ ಎಂದು ಹೆಸರು.

ಎನ್‌ವಿಡಿಯಾ ಹುಟ್ಟಿದ್ದು ಅದಕ್ಕೂ ಒಂದು ವರ್ಷ ಮೊದಲು, 1993ರಲ್ಲಿ. 1995ರ ಅದರ ಮೊದಲ ಚಿಪ್ ಮಾರುಕಟ್ಟೆಯಲ್ಲಿ ನೆಲಕಚ್ಚಿತು. 1997ರ ರಿವಾ 128 ಕೈಹಿಡಿಯಿತು. 1998ರಲ್ಲಿ ರಿವಾ ಟಿಎನ್‌ಟಿ, ಮರುವರ್ಷ ಟಿಎನ್‌ಟಿ2.

ಈಗ ಅಂಕಿಗಳಿಗೆ ಬರೋಣ. ವೂಡೂ3ರಲ್ಲಿ ಮೂರು ದರ್ಜೆ ಇದ್ದವು: 2000, 3000, 3500. ನಡುವಿನ 3000ರ ಚಿಪ್ಪೂ ಮೆಮೊರಿಯೂ 166 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿದ್ದವು, ಮೆಮೊರಿ 16 ಎಂಬಿ. ಸಾಮಾನ್ಯ ಟಿಎನ್‌ಟಿ2ರ ಚಿಪ್ 125, ಮೆಮೊರಿ 150 ಮೆಗಾಹರ್ಟ್ಸ್. ಅದರ ಅಲ್ಟ್ರಾ ದರ್ಜೆಯಲ್ಲಿ 150 ಮತ್ತು 183. ಟಿಎನ್‌ಟಿ2 ಕಾರ್ಡ್‌ಗಳು 32 ಎಂಬಿ ಮೆಮೊರಿಯೊಂದಿಗೂ ಬರುತ್ತಿದ್ದವು.

ಮೆಗಾಹರ್ಟ್ಸ್ ನೋಡಿ ವೂಡೂ ಮುಂದೆ ಎನ್ನಬೇಡಿ. ವೂಡೂ3 ಒಂದು ಏಟಿಗೆ ಒಂದು ಚುಕ್ಕಿ ಬರೆಯುತ್ತಿತ್ತು, ಆದರೆ ಆ ಚುಕ್ಕಿಗೆ ಎರಡು ಪದರದ ಬಣ್ಣ ಒಟ್ಟಿಗೇ ಹಚ್ಚುತ್ತಿತ್ತು. ಟಿಎನ್‌ಟಿ2 ಒಂದು ಏಟಿಗೆ ಎರಡು ಚುಕ್ಕಿ ಬರೆಯುತ್ತಿತ್ತು, ತಲಾ ಒಂದೊಂದು ಪದರ. ಗೋಡೆಗೂ ನೆರಳಿಗೂ ಬೇರೆ ಬೇರೆ ಪದರ ಹಚ್ಚುವ ಆಟಗಳಲ್ಲಿ ವೂಡೂ3ರ ಪದ್ಧತಿಗೆ ಲಾಭ. ಮೇಲಾಗಿ ಗ್ಲೈಡ್ ಎಂಬ ತನ್ನದೇ ಭಾಷೆ ಅದಕ್ಕಿತ್ತು. ಅನ್‌ರಿಯಲ್‌ನಂಥ ಆಟಗಳು ಗ್ಲೈಡ್‌ನಲ್ಲಿ ಸರಾಗವಾಗಿ ಓಡುತ್ತಿದ್ದವು, ಪ್ರೊಸೆಸರ್ ಸ್ವಲ್ಪ ಹಳೆಯದಾಗಿದ್ದರೂ ನಡೆಯುತ್ತಿತ್ತು. ಹೊಸ ಕಂಪ್ಯೂಟರ್ ಕೊಳ್ಳಲಾಗದವನಿಗೆ ಇದು ಸಣ್ಣ ಮಾತಲ್ಲ.

ಜಗಳ ನಿಂತದ್ದು ಬಣ್ಣದ ಮೇಲೆ. ವೂಡೂ3 ತ್ರೀಡಿಯಲ್ಲಿ 16 ಬಿಟ್ ಬಣ್ಣ ಮಾತ್ರ ಬರೆಯುತ್ತಿತ್ತು, ಅಂದರೆ 65,536 ಬಣ್ಣ. ಟಿಎನ್‌ಟಿ2 32 ಬಿಟ್ ಬರೆಯುತ್ತಿತ್ತು, 1.67 ಕೋಟಿಗೂ ಹೆಚ್ಚು ಬಣ್ಣ. ಹೊಗೆ, ಆಕಾಶ, ಮಂಜಿನಂಥ ಕಡೆ 16 ಬಿಟ್‌ನಲ್ಲಿ ಬಣ್ಣ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ವೂಡೂ3 ಕೊನೆಯ ಹಂತದಲ್ಲಿ ಆ ಪಟ್ಟೆಗಳನ್ನು ತುಸು ಒರೆಸುತ್ತಿತ್ತು. ಅದನ್ನೇ ಕಂಪನಿ 22 ಬಿಟ್‌ಗೆ ಸಮ ಎಂದು ಹೇಳಿಕೊಂಡಿತು.

32 ಬಿಟ್‌ಗೆ ಬೆಲೆಯೂ ಇತ್ತು. 1024 x 768 ಪರದೆಯಲ್ಲಿ 7,86,432 ಚುಕ್ಕಿಗಳು. 16 ಬಿಟ್‌ನಲ್ಲಿ ಒಂದು ಚಿತ್ರಕ್ಕೆ 1.5 ಎಂಬಿ. ತೋರಿಸುವ ಚಿತ್ರ, ಬರೆಯುತ್ತಿರುವ ಚಿತ್ರ, ಯಾವ ವಸ್ತು ಮುಂದೆ ಯಾವುದು ಹಿಂದೆ ಎಂಬ ಲೆಕ್ಕ, ಮೂರೂ ಸೇರಿ 4.5 ಎಂಬಿ. 32 ಬಿಟ್‌ನಲ್ಲಿ ಅದೇ 9 ಎಂಬಿ. ಸಾಗಿಸುವ ಹೊರೆಯೂ ಎರಡರಷ್ಟು, ಆದರೆ ಸಾಗಿಸುವ ದಾರಿ ಅಷ್ಟೇ ಅಗಲ. ಹಾಗಾಗಿ ಬಣ್ಣ ಹೆಚ್ಚಿಸಿದರೆ ಟಿಎನ್‌ಟಿ2ರ ವೇಗ ಎದ್ದು ಕಾಣುವಷ್ಟು ಇಳಿಯುತ್ತಿತ್ತು. ಆ ಕ್ಷಣದ ಆಟಕ್ಕೆ 16 ಬಿಟ್ ಸಾಕು ಎಂದ ತ್ರೀಡಿಎಫ್‌ಎಕ್ಸ್ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಕಾರ್ಡ್ ಕೊಳ್ಳುವವನು ಎರಡು ಮೂರು ವರ್ಷ ಮುಂದಕ್ಕೆ ನೋಡುತ್ತಾನೆ. 1999ರ ಡಿಸೆಂಬರ್‌ನಲ್ಲಿ 32 ಬಿಟ್ ಬಣ್ಣಕ್ಕೂ ಅವಕಾಶವಿದ್ದ ಕ್ವೇಕ್ 3 ಅರೇನಾ ಬಂದೇ ಬಂತು.

ಎನ್‌ವಿಡಿಯಾ ಕಡೆ ಎಲ್ಲವೂ ಚಿನ್ನವೇನಲ್ಲ. ಟಿಎನ್‌ಟಿ2 ಎಂ64 ಎಂಬ ಅಗ್ಗದ ಕಾರ್ಡ್ ನೋಡಿ. ಹೆಸರು ಅದೇ, 32 ಎಂಬಿ ಎಂದು ಡಬ್ಬದ ಮೇಲೆ ಬರೆದದ್ದೂ ಉಂಟು. ಮೆಮೊರಿಯ ದಾರಿ ಮಾತ್ರ 128 ಬಿಟ್ ಬದಲು 64 ಬಿಟ್. 150 ಮೆಗಾಹರ್ಟ್ಸ್‌ನಲ್ಲಿ ಅಸಲಿ ಟಿಎನ್‌ಟಿ2 ಸೆಕೆಂಡಿಗೆ ಸುಮಾರು 2.4 ಜಿಬಿ ಸಾಗಿಸಿದರೆ ಎಂ64 ಸಾಗಿಸುವುದು 1.2 ಜಿಬಿ. ಟ್ಯಾಂಕ್ ದೊಡ್ಡದು, ಪೈಪ್ ಮಾತ್ರ ಅರ್ಧ ಇಂಚು. ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವಾಗ ಎಷ್ಟು ಜಿಬಿ ಎಂದು ಕೇಳಿ ಸುಮ್ಮನಾಗುವವರು ನಮ್ಮಲ್ಲೂ ಇದ್ದಾರೆ. ಎಷ್ಟು ಬಿಟ್ ಎಂದೂ ಕೇಳಿ.

ಹಾಗಾದರೆ ತ್ರೀಡಿಎಫ್‌ಎಕ್ಸ್ ಮುಳುಗಿದ್ದು ಬಣ್ಣದಿಂದಲೇ? ನಮಗೆ ಹಾಗನ್ನಿಸುವುದಿಲ್ಲ. ಅದರ ದೊಡ್ಡ ಏಟು ಬೇರೆ ಕಡೆಯಿಂದ ಬಿತ್ತು. ಅಲ್ಲಿಯವರೆಗೆ ಅದು ಚಿಪ್ ಮಾರುತ್ತಿತ್ತು, ಡೈಮಂಡ್, ಕ್ರಿಯೇಟಿವ್‌ನಂಥ ಕಂಪನಿಗಳು ಅದರಿಂದ ಕಾರ್ಡ್ ಮಾಡಿ ಮಾರುತ್ತಿದ್ದವು. 1998ರ ಡಿಸೆಂಬರ್‌ನಲ್ಲಿ ತ್ರೀಡಿಎಫ್‌ಎಕ್ಸ್ ಎಸ್‌ಟಿಬಿ ಎಂಬ ಕಾರ್ಡ್ ತಯಾರಕ ಕಂಪನಿಯನ್ನು ಕೊಳ್ಳುವುದಾಗಿ ಹೇಳಿತು. ಮೆಕ್ಸಿಕೋದ ಹ್ವಾರೆಸ್‌ನಲ್ಲಿದ್ದ ಎಸ್‌ಟಿಬಿ ಕಾರ್ಖಾನೆಯಲ್ಲಿ ವೂಡೂ3 ಕಾರ್ಡ್‌ಗಳನ್ನು ತಾನೇ ಮಾಡತೊಡಗಿತು. ನಿನ್ನೆಯ ಗಿರಾಕಿಗಳಿಗೆ ಇಂದು ಎದುರಾಳಿ. ಅವರು ಸುಮ್ಮನೆ ಕೂರುತ್ತಾರೆಯೇ? ಎನ್‌ವಿಡಿಯಾದ ಟಿಎನ್‌ಟಿ2 ಹಿಡಿದರು. ಒಂದೇ ಚಿಪ್ ಹತ್ತಾರು ಹೆಸರಿನಲ್ಲಿ, ಹಲವು ಬೆಲೆಯಲ್ಲಿ ಅಂಗಡಿ ತುಂಬಿತು.

1999ರ ಅಕ್ಟೋಬರ್‌ನಲ್ಲೇ ಎನ್‌ವಿಡಿಯಾ ಜಿಫೋರ್ಸ್ 256 ಇಳಿಸಿತು. ಆಕೃತಿ ಮತ್ತು ಬೆಳಕಿನ ಲೆಕ್ಕವನ್ನೂ ಪ್ರೊಸೆಸರ್‌ನ ಹೆಗಲಿನಿಂದ ಕಾರ್ಡ್‌ಗೆ ಇಳಿಸಿಕೊಂಡ ಚಿಪ್ ಅದು. ತ್ರೀಡಿಎಫ್‌ಎಕ್ಸ್‌ನ ವೂಡೂ5 ಕಣಕ್ಕೆ ಇಳಿಯುವಾಗ 2000ದ ನಡುಭಾಗ. ಅದರಲ್ಲಿ 32 ಬಿಟ್ ಬಣ್ಣವೂ ಇತ್ತು, ಒಂದೇ ಹಲಗೆಯ ಮೇಲೆ ಎರಡು ಚಿಪ್ಪೂ ಇದ್ದವು. ಅಷ್ಟರಲ್ಲಿ ಎನ್‌ವಿಡಿಯಾ ಮುಂದಿನ ಜಿಫೋರ್ಸ್2 ಮಾರುತ್ತಿತ್ತು.

2000ದ ಡಿಸೆಂಬರ್ 15ರಂದು ತ್ರೀಡಿಎಫ್‌ಎಕ್ಸ್ ತನ್ನ ಮುಖ್ಯ ಆಸ್ತಿಗಳನ್ನು ಎನ್‌ವಿಡಿಯಾಕ್ಕೆ ಮಾರುವುದಾಗಿ ಪ್ರಕಟಿಸಿತು. 2002ರಲ್ಲಿ ದಿವಾಳಿ ಅರ್ಜಿ ಹಾಕಿತು. ಜೋಡೆತ್ತಿನ ಎಸ್‌ಎಲ್‌ಐ ಹೆಸರನ್ನು ಎನ್‌ವಿಡಿಯಾ 2004ರಲ್ಲಿ ತನ್ನ ಕಾರ್ಡ್‌ಗಳಿಗೆ ಬಳಸಿಕೊಂಡಿತು. ವೂಡೂ3 ಕೊಂಡವರಿಗೆ ಹೊಸ ಡ್ರೈವರ್ ಬರುವುದು ನಿಂತೇಹೋಯಿತು. ಆಮೇಲೆ ಅಭಿಮಾನಿಗಳೇ ಹಳೆಯ ಡ್ರೈವರ್‌ಗಳನ್ನು ತಿದ್ದಿ ತೀಡಿ, ಹೊಸ ವಿಂಡೋಸ್‌ಗೆ ಹೊಂದಿಸಿ, ಬಿಟ್ಟಿಯಾಗಿ ಹಂಚುತ್ತಾ ಬಂದರು.