ತಂಪಿಗೆ ‘ಸಾಕು’ ಹೇಳುವ ಕಸುಬು

“ತಂಪು ಯಾರು ಬೇಕಾದರೂ ಮಾಡ್ತಾರೋ, ಎಲ್ಲಿ ನಿಲ್ಲಿಸಬೇಕು ಅನ್ನೋದು ಗೊತ್ತಿರಬೇಕು.” ಬಳ್ಳಾರಿಯಲ್ಲಿ ನನಗೆ ಫ್ರಿಜ್ ರಿಪೇರಿ ಕಲಿಸಿದ ಉಸ್ತಾದರ ಮಾತಿದು. ನಾನು ದೇಶನೂರಿನವನು. ತುಂಗಭದ್ರೆಯ ದಂಡೆ, ಸುತ್ತ ಭತ್ತದ ಗದ್ದೆ, ಒಂದು ಸಕ್ಕರೆ ಕಾರ್ಖಾನೆ, ಊರಿನ ಹೆಸರನ್ನೇ ಹೊತ್ತ ವಿಜಯನಗರ ಕಾಲದ ಕಾಲುವೆ. ಕಾಲುವೆ ನೀರು ಕಂಡು ಬೆಳೆದವನಿಗೆ ಉಸ್ತಾದರ ಮಾತು ತಿಳಿಯಲು ಕಷ್ಟವಾಗಲಿಲ್ಲ. ಕಂಪ್ರೆಸರ್ ಅಂದರೆ ಕಾಲುವೆ, ಬಿಟ್ಟರೆ ಹರಿಯುತ್ತಲೇ ಇರುತ್ತದೆ. ತೂಬು ತೆಗೆದು ಹಾಕಲು ಒಬ್ಬ ನೀರುಗಂಟಿ ಬೇಕು. ಸಿರುಗುಪ್ಪದಲ್ಲಿ ಅಂಗಡಿ ಇಟ್ಟ ಮೇಲೆ ನಾನು ಕಣ್ಣಾರೆ ಕಂಡದ್ದು ಈ ನೀರುಗಂಟಿ ಬದಲಾದ ಬಗೆಯನ್ನೇ.

ಫ್ರಿಜ್ ಬರುವ ಮುಂಚೆ ನಮ್ಮ ಕಡೆ ತಂಪು ಅಂದರೆ ಮಣ್ಣಿನ ಹರವಿ. ಕೆಳಗೆ ಮರಳು, ಸುತ್ತ ಒದ್ದೆ ಗೋಣಿತಟ್ಟು. ಮದುವೆ ಮನೆಗೆ, ಸೋಡಾ ಅಂಗಡಿಗೆ ಐಸ್ ಗಡ್ಡೆ ಬರುತ್ತಿತ್ತು. ರೈಸ್ ಮಿಲ್ಲುಗಳ ಊರಲ್ಲವೇ, ಗಡ್ಡೆಯ ಮೇಲೆ ಮುಚ್ಚಲು ಭತ್ತದ ಹೊಟ್ಟಿಗೇನು ಬರವಿರಲಿಲ್ಲ. ಐಸ್ ವ್ಯಾಪಾರ ನಮ್ಮ ದೇಶಕ್ಕೆ ಬಂದದ್ದೂ ಹೀಗೇ, ಹೊಟ್ಟಿನ ಬದಲು ಮರದ ಪುಡಿ ಹೊದ್ದು. 1833ರಲ್ಲಿ ‘ಟಸ್ಕನಿ’ ಎಂಬ ಹಡಗು ಅಮೆರಿಕದ ಬಾಸ್ಟನ್ನಿನಿಂದ 180 ಟನ್ ಐಸ್ ಹೊತ್ತು ಹೊರಟು, ನಾಲ್ಕು ತಿಂಗಳ ಮೇಲೆ ಕಲ್ಕತ್ತೆ ಸೇರಿತು. ಸುಮಾರು 100 ಟನ್ ಕರಗದೆ ಉಳಿದಿತ್ತು. ಮದ್ರಾಸಿನ ಕಡಲ ದಂಡೆಯ ಐಸ್ ಹೌಸ್ ಕಟ್ಟಿಸಿದ್ದು ಅದೇ ವ್ಯಾಪಾರ. ಐಸಿಗೆ ನೀರುಗಂಟಿ ಬೇಕಿರಲಿಲ್ಲ. ಕರಗುವ ಗಡ್ಡೆಯ ಪಕ್ಕ ಹಾಲಿಟ್ಟರೆ ಅದು ತಂಪಾದೀತೇ ಹೊರತು ಹೆಪ್ಪುಗಟ್ಟುವುದಿಲ್ಲ. ಕರಗಿ ಮುಗಿಯುವ ತನಕ ಐಸು ಸೊನ್ನೆ ಡಿಗ್ರಿ ಬಿಟ್ಟು ಕದಲುವುದಿಲ್ಲ. ಈ ಗುಣ ಮುಂದೆ ನಮ್ಮ ಕಸುಬಿಗೆ ಕೆಲಸಕ್ಕೆ ಬಂತು.

ಗೋದ್ರೆಜ್ ಕಂಪನಿ 1958ರಲ್ಲಿ ದೇಶದಲ್ಲೇ ಫ್ರಿಜ್ ತಯಾರಿಸತೊಡಗಿತು. ಪೆಂಗ್ವಿನ್ ಚಿತ್ರದ ಕೆಲ್ವಿನೇಟರ್, ಹೈದರಾಬಾದಿನ ಆಲ್ವಿನ್ ಇವೆಲ್ಲ ನಾನು ಕೆಲಸ ಕಲಿತ ಪೆಟ್ಟಿಗೆಗಳು. ಒಂಟಿ ಬಾಗಿಲು, ಮೇಲೆ ಫ್ರೀಜರ್, ಒಳಗೊಂದು ತಿರುಪು. ತಿರುಪಿನ ಹಿಂದಿದ್ದವನೇ ಥರ್ಮೋಸ್ಟಾಟ್. ಅದಕ್ಕೊಂದು ಕೂದಲಿನಷ್ಟು ಸಣ್ಣ ತೂತಿನ ತಾಮ್ರದ ಕೊಳವೆ, ಒಳಗೆ ಸ್ವಲ್ಪ ಗ್ಯಾಸು. ಕೊಳವೆಯ ತುದಿಯನ್ನು ಫ್ರೀಜರಿಗೆ ಕ್ಲಿಪ್ಪು ಹಾಕಿ ಒತ್ತಿಸಿರುತ್ತಾರೆ. ಅಲ್ಲಿ ತಂಪೇರಿದಂತೆ ಗ್ಯಾಸಿನ ಒತ್ತಡ ಇಳಿದು, ಇತ್ತ ಪೊರೆ ಕುಗ್ಗಿ, ಪಾಯಿಂಟು ‘ಟಕ್’ ಎಂದು ಬಿಟ್ಟುಕೊಳ್ಳುತ್ತದೆ, ಕಂಪ್ರೆಸರ್ ನಿಲ್ಲುತ್ತದೆ. ಬಿಸಿಯಾದರೆ ಮತ್ತೆ ‘ಟಕ್’. ಉಸ್ತಾದರಿಗೆ ಮೀಟರು ಬೇಕಿರಲಿಲ್ಲ. ಕೊಳವೆಯ ತುದಿಯನ್ನು ಫ್ರೀಜರಿನ ಐಸಿಗೆ ತಾಗಿಸಿ, ಮುಷ್ಟಿಯಲ್ಲಿ ಬಿಸಿ ಮಾಡಿ, ಕಿವಿಯ ಹತ್ತಿರ ಹಿಡಿಯುತ್ತಿದ್ದರು. ಎರಡು ಸಲ ಟಕ್ ಅಂದರೆ ಗಟ್ಟಿ. ಕೊಳವೆ ಎಲ್ಲೋ ಬಿರುಕುಬಿಟ್ಟು ಗ್ಯಾಸು ಹೋಗಿದ್ದರೆ ಪಾಯಿಂಟು ಬಿಟ್ಟದ್ದು ಬಿಟ್ಟೇ ಇರುತ್ತಿತ್ತು, ಫ್ರಿಜ್ ಏಳುತ್ತಲೇ ಇರಲಿಲ್ಲ.

ಆಗ ಊರೂರಲ್ಲಿ ನಡೆಯುತ್ತಿದ್ದ ಉಪಾಯ ‘ಡೈರೆಕ್ಟ್’ ಮಾಡುವುದು. ಥರ್ಮೋಸ್ಟಾಟಿನ ಎರಡು ವೈರು ಬಿಚ್ಚಿ ಒಂದಕ್ಕೊಂದು ಸೇರಿಸಿದರೆ ಕಂಪ್ರೆಸರ್ ಓಡುತ್ತದೆ. ಪರೀಕ್ಷೆಗೆ ಇದು ಸರಿ. ಆದರೆ ಸಾಮಾನು ಸಿಗದೆ ಹಾಗೇ ಬಿಟ್ಟು ಬಂದ ಮನೆಗಳೂ ಇದ್ದವು. ಅಲ್ಲಿ ಮನೆಯ ಹೆಣ್ಣುಮಕ್ಕಳೇ ಬೆಳಿಗ್ಗೆ ಸ್ವಿಚ್ ಹಾಕಿ, ಮಧ್ಯಾಹ್ನ ತೆಗೆದು, ಸಂಜೆ ಮತ್ತೆ ಹಾಕುತ್ತಿದ್ದರು. ಮರೆತ ದಿನ ಟೊಮೇಟೊ ಕಲ್ಲಾಗುತ್ತಿತ್ತು.

ಹಳ್ಳಿಯಲ್ಲಿ ಫ್ರಿಜ್ಜಿನ ಡಿಗ್ರಿಯನ್ನು ಬರೆದಿಡುವ ರೂಢಿ ನಾನು ಮೊದಲು ನೋಡಿದ್ದು ಆರೋಗ್ಯ ಕೇಂದ್ರದಲ್ಲಿ. 1985ರಲ್ಲಿ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮ ಶುರುವಾದ ಮೇಲೆ ಲಸಿಕೆಯ ಪೆಟ್ಟಿಗೆಗಳು ಹಳ್ಳಿಯ ಕಡೆ ಬಂದವು. ಒಳಗೆ ಥರ್ಮಾಮೀಟರು, ಪಕ್ಕದಲ್ಲಿ ಪುಸ್ತಕ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ನಮೂದು. 2ರಿಂದ 8 ಡಿಗ್ರಿಯ ನಡುವೆಯೇ ಇರಬೇಕು. ಬಿಸಿಯಾದರೆ ಲಸಿಕೆ ಕೆಡುತ್ತದೆ ಅಂತ ಎಲ್ಲರಿಗೂ ಗೊತ್ತು. ಧನುರ್ವಾಯು, ಹೆಪಟೈಟಿಸ್ ಬಿ ಲಸಿಕೆಗಳು ಹೆಪ್ಪುಗಟ್ಟಿದರೂ ಕೆಡುತ್ತವೆ ಎಂದು ನನಗೆ ಹೇಳಿದ್ದು ಅಲ್ಲಿನ ನರ್ಸಮ್ಮ. ತಂಪು ಹೆಚ್ಚಾದದ್ದೂ ರೋಗವೇ ಎಂಬುದು ಅಲ್ಲಿ ಮನಸ್ಸಿಗೆ ನಾಟಿತು.

ಆಮೇಲೆ ಕಸುಬಿನಲ್ಲಿ ಎರಡು ಬದಲಾವಣೆ ಒಂದರ ಹಿಂದೆ ಒಂದು ಬಂದವು. ಮೊದಲನೆಯದು ಫ್ರಿಜ್ಜನ್ನು ತಂಪು ಮಾಡುವ ಗ್ಯಾಸಿನದು. 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಓಝೋನ್ ಪದರ ತಿನ್ನುವ ಆರ್-12 ಹೋಗಿ ಆರ್-134ಎ ಬಂತು, ಆಮೇಲೆ ಆರ್-600ಎ. ಈ ಕೊನೆಯದು ಹೊತ್ತಿಕೊಳ್ಳುವ ಗ್ಯಾಸು, ಹಳೆಯ ಹುಡುಗರ ಹಾಗೆ ಬೀಡಿ ಹಚ್ಚಿಕೊಂಡು ಪೈಪು ಕತ್ತರಿಸುವ ಹಾಗಿಲ್ಲ. ಎರಡನೆಯದು ಫ್ರಾಸ್ಟ್ ಫ್ರೀ. ಐಸ್ ಕಟ್ಟದ, ಒಳಗೆ ಫ್ಯಾನು ತಿರುಗುವ, ಹಿಂದೆ ಹೀಟರು ಅಡಗಿದ ಎರಡು ಬಾಗಿಲಿನ ಫ್ರಿಜ್. 2010ರಿಂದ ಇವಕ್ಕೆ ಸ್ಟಾರ್ ಚೀಟಿ ಕಡ್ಡಾಯವಾಯಿತು, ಕರೆಂಟಿನ ಲೆಕ್ಕ ಬಿಗಿಯಾಯಿತು. ಟಕ್ ಎನ್ನುವ ನೀರುಗಂಟಿ ಹೋಗಿ, ಆ ಜಾಗಕ್ಕೆ ಬೋರ್ಡು ಮತ್ತು ಅದಕ್ಕೆ ಸುದ್ದಿ ಮುಟ್ಟಿಸುವ ಸೆನ್ಸರು ಬಂದವು.

ಸೆನ್ಸರು ನೋಡಲು ಕಡಲೆಕಾಳಿನಷ್ಟು, ಪ್ಲಾಸ್ಟಿಕ್ ಟೋಪಿ, ಎರಡು ವೈರು. ಸದ್ದಿಲ್ಲ, ಅಲುಗಾಟವಿಲ್ಲ. ಒಳಗಿರುವ ಥರ್ಮಿಸ್ಟರ್ ಬಿಸಿಯಾದಂತೆ ಕರೆಂಟಿಗೆ ತಡೆ ಕಡಿಮೆ ಮಾಡುತ್ತದೆ, ತಂಪಾದಂತೆ ಹೆಚ್ಚಿಸುತ್ತದೆ. ಲೋಹದ ಗುಣಕ್ಕೆ ಇದು ಉಲ್ಟಾ. ಬೆಳ್ಳಿಯ ಸಲ್ಫೈಡಿನಲ್ಲಿ ಈ ಉಲ್ಟಾ ಗುಣವನ್ನು ಮೈಕೆಲ್ ಫ್ಯಾರಡೆ ಕಂಡದ್ದು 1833ರಲ್ಲಿ, ಕಲ್ಕತ್ತೆಗೆ ಐಸಿನ ಹಡಗು ಬಂದ ವರ್ಷವೇ. ಕೊಂಡುತಂದ ತಂಪೂ ಅದನ್ನು ಅಳೆಯುವ ಬೀಜವೂ ಒಂದೇ ವರ್ಷದವು. ಎರಡೂ ಒಂದೇ ಪೆಟ್ಟಿಗೆಯೊಳಗೆ ಸೇರಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಕಿವಿಯಿಂದ ಹಿಡಿಯಲಾಗದ ಈ ಸೆನ್ಸರನ್ನು ಪರೀಕ್ಷಿಸಲು ನನಗೆ ಮತ್ತೆ ಐಸೇ ಬೇಕಾಯಿತು. ಮೊದಲು ಪ್ಲಗ್ ತೆಗೆಯುತ್ತೇನೆ. ಸೆನ್ಸರಿನ ಜಾಕನ್ನು ಬೋರ್ಡಿನಿಂದ ಬಿಡಿಸಿ ಮಲ್ಟಿಮೀಟರ್ ಹಚ್ಚುತ್ತೇನೆ. ಸ್ಟೀಲ್ ಲೋಟದಲ್ಲಿ ಐಸ್ ಚೂರು ತುಂಬಿ, ಮುಳುಗುವಷ್ಟು ನೀರು ಹಾಕಿ, ಕಲಕಿ, ಅದರಲ್ಲಿ ಸೆನ್ಸರಿನ ತಲೆ ಅದ್ದಿ ಐದು ನಿಮಿಷ ಸುಮ್ಮನೆ ಕೂರುತ್ತೇನೆ. ಉಪ್ಪು ಹಾಕಬಾರದು, ಸೊನ್ನೆಗಿಂತ ಕೆಳಗಿಳಿದು ಲೆಕ್ಕ ತಪ್ಪುತ್ತದೆ. 25 ಡಿಗ್ರಿಯಲ್ಲಿ 10 ಸಾವಿರ ಓಮ್ ತೋರಿಸುವ ಜಾತಿಯಾದರೆ ಲೋಟದಲ್ಲಿ ಸುಮಾರು 30 ಸಾವಿರಕ್ಕೆ ಏರಬೇಕು. ತೆಗೆದು ಮುಷ್ಟಿಯಲ್ಲಿ ಹಿಡಿದರೆ 7 ಸಾವಿರದ ಹತ್ತಿರ ಇಳಿಯಬೇಕು. ಅಂಕಿ ಕಂಪನಿಯಿಂದ ಕಂಪನಿಗೆ ಬೇರೆ, ಆದ್ದರಿಂದ ಕೈಗೆ ಸಿಕ್ಕ ಸೆನ್ಸರನ್ನು ಕತ್ತರಿಸಿ ಜೋಡಿಸುವಂತಿಲ್ಲ.

ತಪ್ಪು ಅಂಕಿಗೂ ಒಂದು ಅರ್ಥವಿದೆ. ತಲೆಯೊಳಗೆ ತೇವ ನುಗ್ಗಿದರೆ ತಡೆ ಕಡಿಮೆ ತೋರಿಸುತ್ತದೆ, ಬೋರ್ಡು ‘ಒಳಗೆ ಬಿಸಿ ಇದೆ’ ಎಂದು ತಿಳಿದು ಕಂಪ್ರೆಸರನ್ನು ಓಡಿಸುತ್ತಲೇ ಇರುತ್ತದೆ, ಕೊತ್ತಂಬರಿ ಸೊಪ್ಪು ಹೆಪ್ಪುಗಟ್ಟುತ್ತದೆ. ಜಾಯಿಂಟು ಕಿಲುಬಿದರೆ ತಡೆ ಹೆಚ್ಚಾಗಿ, ಬೋರ್ಡು ‘ತಂಪಾಯಿತು’ ಎಂದು ಬೇಗ ನಿಲ್ಲಿಸುತ್ತದೆ, ಹಾಲು ಒಡೆಯುತ್ತದೆ. ಮೇಲೆ ಫ್ರೀಜರ್ ಗಟ್ಟಿ, ಕೆಳಗೆ ಬೆಚ್ಚಗೆ ಅಂದರೆ ಕಾಯಿಲ್ ಮೇಲಿನ ಡೀಫ್ರಾಸ್ಟ್ ಸೆನ್ಸರನ್ನೂ ಹೀಟರನ್ನೂ ನೋಡಬೇಕು. ಅವು ಕೆಟ್ಟರೆ ಐಸು ಕರಗದೆ ಕಾಯಿಲ್ ಮುಚ್ಚಿ ಗಾಳಿಯ ದಾರಿ ಕಟ್ಟಿರುತ್ತದೆ. ಭತ್ತದ ಸುಗ್ಗಿಯಲ್ಲಿ ಇಲಿ ವೈರು ಕಡಿದ ಮನೆಯೂ ಸಿಗುತ್ತದೆ.

ಮೇ ತಿಂಗಳಲ್ಲಿ ಮಾತ್ರ ಸೆನ್ಸರಿನ ಮೇಲೆ ಬೇಗ ಅನುಮಾನ ಪಡಬಾರದು. “ಅಣ್ಣಾ, ಫ್ರಿಜ್ಜು ಕೂಲ್ ಆಗವಲ್ದು” ಅಂತ ಫೋನು ಬಂದರೆ ಮೊದಲು ಹಿಂದಿನ ತಗಡಿನ ಚೀಟಿ ಓದಿಸುತ್ತೇನೆ. ಅಲ್ಲಿ ‘ಟಿ’ ಅಂತಿದ್ದರೆ ಹೊರಗೆ 43 ಡಿಗ್ರಿವರೆಗೆ ತಾಳುವ ಫ್ರಿಜ್. ನಮ್ಮ ಕಡೆಯ ಬೇಸಿಗೆಯಲ್ಲಿ ತಗಡಿನ ಮಾಡಿನ ಅಡುಗೆಮನೆ ಅದನ್ನು ದಾಟುತ್ತದೆ. ಗೋಡೆಗೆ ಅಂಟಿಸಿಟ್ಟಿದ್ದರೆ ಗೇಣುದ್ದ ಮುಂದೆ ಎಳೆಯಿರಿ ಅನ್ನುತ್ತೇನೆ. ಎಷ್ಟೋ ಸಲ ರಿಪೇರಿ ಅಲ್ಲಿಗೇ ಮುಗಿದಿದೆ.

ಸೆನ್ಸರು ನೂರರ ಲೆಕ್ಕದ್ದು, ಬೋರ್ಡು ಸಾವಿರದ ಲೆಕ್ಕದ್ದು. ಅಳೆಯಲು ಬೇಸರಪಟ್ಟವನು ಬೋರ್ಡನ್ನೇ ಬದಲಿಸಿ ಹೋಗುತ್ತಾನೆ, ಭಾರ ಗಿರಾಕಿಯ ಮೇಲೆ. ಅದಕ್ಕೇ ನನ್ನ ಹತ್ತಿರ ಕಲಿಯುವ ಹುಡುಗರಿಗೆ ಆರೋಗ್ಯ ಕೇಂದ್ರದ ಪುಸ್ತಕದ ಪಾಠ ಹೇಳಿಕೊಡುತ್ತೇನೆ. ಕೆಲಸ ಮುಗಿದ ಮೇಲೆ ತಾರೀಕು, ಐಸ್ ನೀರಿನಲ್ಲಿ ಬಂದ ಓಮ್, ಬದಲಿಸಿದ ಸಾಮಾನು, ಇಷ್ಟನ್ನು ಮಾರ್ಕರಿನಲ್ಲಿ ಫ್ರಿಜ್ಜಿನ ಬೆನ್ನಿಗೆ ಬರೆಯಬೇಕು. ಮುಂದೆ ಬರುವ ಮೆಕ್ಯಾನಿಕ್ ಬೇರೆ ಅಂಗಡಿಯವನಾದರೂ ಮೊದಲಿನಿಂದ ಹುಡುಕುವ ಕೆಲಸ ಅವನಿಗೆ ತಪ್ಪುತ್ತದೆ, ಹಳೆಯ ಅಂಕಿಗೂ ಹೊಸದಕ್ಕೂ ಎಷ್ಟು ವ್ಯತ್ಯಾಸವೆಂದು ನೋಡಿದರೆ ಸೆನ್ಸರು ಎಷ್ಟು ದಿನ ಬಾಳೀತೆಂಬ ಅಂದಾಜೂ ಸಿಗುತ್ತದೆ.