ಜೋಳದ ಮೇಣ, ಅಳಿವೆಯ ಕೆಸರು: ಸಾವಯವ ಅಂಶದ ಮೂಲ ಹುಡುಕಿದ ಬಗೆ

ಕಡಲು ಕಾಣದ ಬಸವಕಲ್ಯಾಣ–ಹುಮನಾಬಾದ್ ಸೀಮೆಗೂ ಅಳಿವೆಗಳ ನಂಟಿದೆ, ಅದೂ ಎರಡೆರಡು. ಚುಳಕಿನಾಲಾ, ಕಾರಂಜಾ ಹಳ್ಳಗಳು ಮಾಂಜ್ರಾ ಸೇರಿ ಗೋದಾವರಿಯ ಪಾಲಾಗುತ್ತವೆ. ಬಸವಕಲ್ಯಾಣ ತಾಲ್ಲೂಕಿನದೇ ಆದ ಮುಲ್ಲಾಮಾರಿ ಮಾತ್ರ ಕಾಗಿಣಾ, ಭೀಮಾ ಹಿಡಿದು ಕೃಷ್ಣೆಗೆ ಹೋಗುತ್ತದೆ. ಎರೆಹೊಲದ ಮಣ್ಣಿನೊಂದಿಗೆ ಕೊಳೆತ ಎಲೆ, ಬೇರುಗಳೂ ಹರಿದುಹೋಗುತ್ತವೆ. ನದೀಮುಖದ ಕೆಸರಿನಲ್ಲಿ ಅವನ್ನು ಗುರುತಿಸುವುದು ಹೇಗೆ?

ಮೊದಲು ಒದಗಿದ್ದು ಇಂಗಾಲ–ಸಾರಜನಕಗಳ ಲೆಕ್ಕ. ಕಡಲ ಪ್ಲವಕಗಳಲ್ಲಿ ಇವುಗಳ ಪ್ರಮಾಣ ಬಹುಮಟ್ಟಿಗೆ ಸ್ಥಿರವೆಂದು ಆಲ್ಫ್ರೆಡ್ ರೆಡ್‌ಫೀಲ್ಡ್ 1934ರಲ್ಲಿ ತೋರಿಸಿದರು. ಅದು ಸುಮಾರು 7:1. ನೆಲದ ಗಿಡಗಳಲ್ಲಿ ಸಾಮಾನ್ಯವಾಗಿ 20 ದಾಟುತ್ತದೆ. ಆದರೆ ಮಣ್ಣಿನ ಸೂಕ್ಷ್ಮಜೀವಿಗಳು ಕೊಳೆಸುತ್ತ ಹೋದಂತೆ ಅದು 10–12ಕ್ಕೆ ಇಳಿದು, ಗುರುತು ಮಸುಕಾಗುತ್ತದೆ.

ಮುಂದಿನ ಸುಳಿವು ಕಬ್ಬಿನಿಂದ ಬಂತು. 1966ರಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ಆಸ್ಟ್ರೇಲಿಯಾದಲ್ಲಿ ಕಬ್ಬಿನ ಎಲೆಯ ಬೇರೆ ಬಗೆಯ ದ್ಯುತಿಸಂಶ್ಲೇಷಣೆಯನ್ನು ವಿವರಿಸಿದರು. ಜೋಳ, ಸಜ್ಜೆ, ಮೆಕ್ಕೆಜೋಳಗಳದೂ ಇದೇ ಸಿ4 ದಾರಿ. ಇವುಗಳ ಇಂಗಾಲ ಐಸೊಟೋಪ್ ಮೌಲ್ಯ, ಅಂದರೆ ಭಾರದ ಇಂಗಾಲದ ಪಾಲಿನ ಅಳತೆ, ಸಾವಿರಕ್ಕೆ −12ರ ಆಸುಪಾಸು. ತೊಗರಿ, ಕಡಲೆ, ಉದ್ದುಗಳದು ಸಾಮಾನ್ಯವಾದ ಸಿ3 ದಾರಿ, ಮೌಲ್ಯ ಸುಮಾರು −27. ಕಡಲ ಪ್ಲವಕ −20ರಿಂದ −22.

ಇಲ್ಲೇ ನಮ್ಮ ಸೀಮೆಯ ತೊಡಕು. ಜೋಳದ ನಡುವೆ ತೊಗರಿ ಸಾಲು ಹಾಕಿದ ಹೊಲವನ್ನು ನೆನೆಯಿರಿ. ಎರಡರ ಇಂಗಾಲವೂ ಸಮಪಾಲಾಗಿ ಬೆರೆತರೆ ಸರಾಸರಿ −19.5, ಉಪ್ಪುನೀರನ್ನೇ ಕಾಣದ ಮಣ್ಣು ಕಡಲಿನದೆನಿಸಿಕೊಳ್ಳುತ್ತದೆ! ಸಮಶೀತೋಷ್ಣ ವಲಯದ ಕಾಡುನದಿಗಳಿಗೆ ಒಗ್ಗುವ, ನೆಲ ಮತ್ತು ಕಡಲು ಎಂಬ ಎರಡೇ ಮೂಲಗಳ ಲೆಕ್ಕವನ್ನು ದಖ್ಖನ್ನಿಗೆ ಹಾಗೆಯೇ ಹಚ್ಚುವುದು ತಪ್ಪೆಂದೇ ನನ್ನ ಅಭಿಪ್ರಾಯ.

ಹಾಗಾಗಿ ಅಣುಗಳ ಸಾಕ್ಷ್ಯ ಬೇಕಾಯಿತು. ಹೆಜಸ್ ಮತ್ತು ಮ್ಯಾನ್ 1979ರಲ್ಲಿ ಕಡಲ ಕೆಸರಿನಲ್ಲಿ ನೆಲದ ಗಿಡಗಳನ್ನು ಗಟ್ಟಿಗೊಳಿಸುವ ಲಿಗ್ನಿನ್ ಅಳೆದರು; ಪ್ಲವಕದಲ್ಲಿ ಲಿಗ್ನಿನ್ ಇಲ್ಲ. ಇನ್ನೊಂದು ಸಾಕ್ಷಿ ಎಲೆಮೇಣ. ಹಸಿ ಜೋಳದ ದಂಟನ್ನು ಹಿಡಿದುಬಿಟ್ಟರೆ ಬೆರಳಿಗೆ ಬೂದಿಯಂಥ ಬಿಳಿ ಹುಡಿ ಅಂಟುತ್ತದಲ್ಲ, ಅದೇ ಮೇಣ. ಅದರ ಉದ್ದನೆಯ ಇಂಗಾಲ ಸರಪಳಿಗಳು ಕೆಸರಿನಲ್ಲಿ ಸಾವಿರಾರು ವರ್ಷ ಉಳಿಯಬಲ್ಲವು.

ಗೋದಾವರಿ ಮುಖದಾಚೆ ಬಂಗಾಳ ಕೊಲ್ಲಿಯ ತಳದಿಂದ ತೆಗೆದ ಕೆಸರುಕಂಬದಲ್ಲಿ ಪಾಂಟನ್ ಮತ್ತು ಸಂಗಡಿಗರು ಎಲೆಮೇಣ ಪರೀಕ್ಷಿಸಿ, ಸುಮಾರು 4,000 ವರ್ಷಗಳಿಂದೀಚೆಗೆ ಒಣಹವೆ ಬಲಿತದ್ದನ್ನು 2012ರಲ್ಲಿ ವರದಿ ಮಾಡಿದರು. 2017ರಲ್ಲಿ ಗಿಯೊಸಾನ್ ತಂಡ, ಈಗಿನ ಭೂಯುಗವಾದ ಹೊಲೊಸೀನ್‌ನ ಕೊನೆಯ ಭಾಗದಲ್ಲಿ ಸವಕಳಿ ವಿಪರೀತ ಹೆಚ್ಚಿತೆಂದೂ ದಖ್ಖನ್ ಕಪ್ಪುಕಲ್ಲಿನ ಮಣ್ಣಿನ ಪಾಲು ಏರಿತೆಂದೂ ತೋರಿಸಿ, ಬೇಸಾಯದತ್ತಲೂ ಬೊಟ್ಟು ಮಾಡಿತು. ಆದರೆ ಸಿ4 ಮೇಣವೆಂದಾಕ್ಷಣ ಅದು ಬಿತ್ತಿದ ಜೋಳದ್ದೇ ಎನ್ನಲಾಗದು. ಬೀಳುನೆಲದ ಹುಲ್ಲಿನ ಮೇಣಕ್ಕೂ ಅದೇ ಐಸೊಟೋಪ್ ಗುರುತು.

ಈಗಂತೂ ಆ ಮೇಣದ ಪಯಣಕ್ಕೆ ಹಲವೆಡೆ ಅಣೆಕಟ್ಟುಗಳ ತಡೆಯಿದೆ. ಮಾಂಜ್ರಾಕ್ಕೆ 1931ರಲ್ಲಿ ಮುಗಿದ ನಿಜಾಂಸಾಗರ, ಅದಕ್ಕೂ ಮೇಲ್ಹರಿವಿನಲ್ಲಿ ಸಿಂಗೂರು. ನಮ್ಮಲ್ಲೇ ಕಾರಂಜಾ, ಚುಳಕಿನಾಲಾ ಜಲಾಶಯಗಳು. ಬೇಸಿಗೆಯಲ್ಲಿ ಬತ್ತಿದ ಕೆರೆಯ ಹೂಳನ್ನು ಟ್ರ್ಯಾಕ್ಟರಿನಲ್ಲಿ ಹೇರಿ ರೈತರು ಹೊಲಕ್ಕೆ ಸುರಿದರೆ, ಜೋಳದ ಮೇಣ ಹೊರಟಲ್ಲಿಗೇ ಮರಳುತ್ತದೆ.