ಪಹಣಿಯಲ್ಲಿ ಹೆಸರಿಲ್ಲದ ಮೆಮೊರಿ

ದೇವನಹಳ್ಳಿ, ಹೊಸಕೋಟೆ ಕಡೆ ಜಮೀನಿನ ತಕರಾರು ಕಂಡವರಿಗೆ ಇದು ಹೊಸದಲ್ಲ: ಹೊಲ ಉಳುವವನು ಇದ್ದಾನೆ, ಪಹಣಿಯಲ್ಲಿ ಹೆಸರಿಲ್ಲ. ಕಾಗದ ಮಾತ್ರ ನೋಡಿದವರು ವಾರಸುದಾರರಿಲ್ಲದ ಜಮೀನು ಎಂದುಬಿಡುತ್ತಾರೆ. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನಲ್ಲಿ ಮೆಮೊರಿ ಸೋರಿಕೆ, ಅಂದರೆ ಪಡೆದು ಮರಳಿಸದೆ ಬಿಟ್ಟ ಮೆಮೊರಿ, ಹುಡುಕುವ ಸಾಧನಗಳು ಎಡವುವುದೂ ಇಲ್ಲೇ.

ಸಾಮಾನ್ಯ ಪ್ರೋಗ್ರಾಂ ಸೋರಿದರೆ, ಅದನ್ನು ಮುಚ್ಚಿದೊಡನೆ ಮೆಮೊರಿ ವಾಪಸ್ ಬರುತ್ತದೆ. ಕರ್ನಲ್ ಸೋರಿದರೆ ಯಂತ್ರ ರೀಬೂಟ್ ಆಗುವ ತನಕ ಬರುವುದಿಲ್ಲ. ತಿಂಗಳುಗಟ್ಟಲೆ ನಿಲ್ಲದೆ ಓಡುವ ಸರ್ವರ್‌ಗಳಿಗೆ ಇದು ನಿಜವಾದ ಕಂಟಕ.

ಹುಡುಕುವ ವಿಧಾನದ ಬೇರು ಹಳೆಯದು. ಸಿ ಭಾಷೆಯಲ್ಲಿ ಯಾವುದು ಮೆಮೊರಿಯ ವಿಳಾಸ, ಯಾವುದು ಬರೀ ಸಂಖ್ಯೆ ಎಂದು ಹೊರಗಿನಿಂದ ತಿಳಿಯುವುದಿಲ್ಲ. 1988ರಲ್ಲಿ ಹಾನ್ಸ್ ಬೋಹ್ಮ್ ಮತ್ತು ಮಾರ್ಕ್ ವೈಸರ್, ವಿಳಾಸದಂತೆ ಕಂಡದ್ದನ್ನೆಲ್ಲ ವಿಳಾಸವೆಂದೇ ಎಣಿಸುವ ದಾರಿ ತೋರಿದರು. ಅದೇ ತತ್ತ್ವದ ಮೇಲೆ ಕ್ಯಾಟಲಿನ್ ಮರಿನಾಸ್ ಲಿನಕ್ಸ್‌ಗೆ ಕೆಮೆಮ್‌ಲೀಕ್ ಬರೆದರು. 2006ರಲ್ಲಿ ಮೊದಲು ಮುಂದಿಟ್ಟದ್ದು 2009ರ 2.6.31 ಆವೃತ್ತಿಯಲ್ಲಿ ಕರ್ನಲ್ ಸೇರಿತು. ಹತ್ತು ನಿಮಿಷಕ್ಕೊಮ್ಮೆ ಅದು ಮೆಮೊರಿಯನ್ನು ಜಾಲಾಡುತ್ತದೆ; ಯಾವ ತುಣುಕಿನ ವಿಳಾಸ ಎಲ್ಲೂ ಸಿಗುವುದಿಲ್ಲವೋ ಅದನ್ನು ಅನಾಥವೆಂದು ವರದಿ ಮಾಡುತ್ತದೆ. ತಾನಾಗಿ ಬಿಡುಗಡೆ ಮಾಡುವುದಿಲ್ಲ. ಈ ಸಂಯಮ ಸರಿಯಾದದ್ದು, ಏಕೆಂದರೆ ಅನಾಥವೆಂದು ಕಂಡದ್ದೆಲ್ಲ ಅನಾಥವಲ್ಲ.

ವಿಳಾಸ ಆ ಕ್ಷಣ ಪ್ರೊಸೆಸರ್‌ನ ರಿಜಿಸ್ಟರ್‌ನಲ್ಲಿರಬಹುದು. ಹಾರ್ಡ್‌ವೇರ್‌ಗಾಗಿ ಅದನ್ನು ಭೌತಿಕ ವಿಳಾಸವಾಗಿ ಬದಲಿಸಿ ಇಟ್ಟಿರಬಹುದು. ಪೇಜ್ ಲೆಕ್ಕದಲ್ಲಿ ನೇರವಾಗಿ ಪಡೆದ ಮೆಮೊರಿಯನ್ನು ಕೆಮೆಮ್‌ಲೀಕ್ ಗಮನಿಸುವುದೇ ಇಲ್ಲ. ಅಂಥ ಮೆಮೊರಿಯೊಳಗೆ ಮಾತ್ರ ಬರೆದಿಟ್ಟ ವಿಳಾಸ ಲೆಕ್ಕಕ್ಕೆ ಬಾರದು. ಇವೆಲ್ಲ ಹುಸಿ ದೂರಿನ ಮೂಲಗಳು.

ಪರಿಹಾರ ಎರಡು ದಾರಿಯಲ್ಲಿ ಬೆಳೆಯಿತು. ಒಂದು, ತಾಳ್ಮೆ. ಆಗಷ್ಟೇ ಹುಟ್ಟಿದ ತುಣುಕನ್ನು ಕೆಲವು ಸೆಕೆಂಡು ದೂರುವುದಿಲ್ಲ. ಬಳಿಕ ಚೆಕ್‌ಸಮ್ ಬಂತು: ಎರಡು ಜಾಲಾಟಗಳ ನಡುವೆ ತುಣುಕಿನ ಒಳಗಿನ ಬರಹ ಬದಲಾಗಿದ್ದರೆ ಯಾರೋ ಬಳಸುತ್ತಿದ್ದಾರೆ ಎಂದರ್ಥ. ಉತ್ತಿದ ಗೆರೆ ನೋಡಿ ಸಾಗುವಳಿದಾರನನ್ನು ಗುರುತಿಸಿದ ಹಾಗೆ. ಕರ್ನಲ್ ದೋಷ ಹುಡುಕುವ ಗೂಗಲ್‌ನ ಸಾಧನ ಸಿಜ್‌ಕಾಲರ್ ಈ ತಾಳ್ಮೆಯನ್ನು ಇನ್ನೂ ಬಿಗಿ ಮಾಡಿತು. ಜಾಲಾಡಿ, ಕಾದು, ಮತ್ತೆ ಜಾಲಾಡುತ್ತದೆ; ದೂರು ಬಂದರೂ ನಂಬದೆ ಇನ್ನೊಮ್ಮೆ ಕಾದು ನೋಡುತ್ತದೆ.

ಇನ್ನೊಂದು, ಡೆವಲಪರ್ ತಾನೇ ‘ನಾಟ್ ಲೀಕ್’ ಎಂದು ಕೋಡ್‌ನಲ್ಲಿ ಗುರುತು ಹಾಕುವುದು. ಇದು ಬೇಕು, ಆದರೆ ಅಪಾಯಕಾರಿ. ಇಂದು ನಿಜವಾದ ಗುರುತು, ನಾಳೆ ಸುತ್ತಲಿನ ಕೋಡ್ ಬದಲಾದಾಗ ನಿಜವಾದ ಸೋರಿಕೆಯನ್ನೇ ಮುಚ್ಚಿಡುತ್ತದೆ. ನನ್ನ ಮಟ್ಟಿಗೆ ತಾಳ್ಮೆಯ ದಾರಿಯೇ ಮೇಲು.

ಕೆಮೆಮ್‌ಲೀಕ್ ನೋಡುವುದು ಓಡುತ್ತಿರುವ ಕರ್ನಲ್ಲನ್ನು. ಓಡಿಸದೆ ಕೋಡ್ ಓದಿ ತಪ್ಪು ಹಿಡಿಯುವ ಇನ್ನೊಂದು ಶಾಖೆಯೂ ಇದೆ; ಅದರಲ್ಲಿ ನಮ್ಮ ಬೆಂಗಳೂರಿಗೂ ನಂಟಿದೆ. ವಿಂಡೋಸ್ ಡ್ರೈವರ್‌ಗಳನ್ನು ಪರೀಕ್ಷಿಸುವ ಸ್ಲ್ಯಾಮ್ ಕಟ್ಟಿದವರು ಥಾಮಸ್ ಬಾಲ್ ಮತ್ತು ಶ್ರೀರಾಮ್ ರಾಜಮಣಿ. ರಾಜಮಣಿ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಮುಖ್ಯಸ್ಥರಾದರು. ಸ್ಲ್ಯಾಮ್ ತಾನು ಕಂಡ ದೋಷದ ಹಾದಿ ನಿಜಕ್ಕೂ ನಡೆಯಬಲ್ಲದೇ ಎಂದು ತಾನೇ ಪರೀಕ್ಷಿಸುತ್ತದೆ. ನಡೆಯದಿದ್ದರೆ ತನ್ನ ತಿಳಿವಳಿಕೆಯನ್ನೇ ತಿದ್ದಿಕೊಳ್ಳುತ್ತದೆ. ಅದು ಸೋರಿಕೆಗೆಂದೇ ಹುಟ್ಟಿದ ಸಾಧನವಲ್ಲ. ಆದರೆ ಹುಸಿ ದೂರನ್ನು ಬಳಕೆದಾರನ ತಲೆಗೆ ಕಟ್ಟದ ಆ ನಿಲುವು, ಇಬ್ಬರಿಗೂ 2011ರಲ್ಲಿ ಸಂದ ಸಿಎವಿ (ಕಂಪ್ಯೂಟರ್ ಏಡೆಡ್ ವೆರಿಫಿಕೇಶನ್) ಪ್ರಶಸ್ತಿಗೆ ಖಂಡಿತ ಅರ್ಹವಾಗಿತ್ತು.

ದೊಡ್ಡಬಳ್ಳಾಪುರ, ನೆಲಮಂಗಲಗಳಿಂದ ದಿನಾ ಬೆಂಗಳೂರಿಗೆ ಓಡಾಡುತ್ತ ಕರ್ನಲ್ ಕೆಲಸ ಮಾಡುವ ಎಳೆಯರಲ್ಲಿ ಒಂದು ಕೋರಿಕೆ: ‘ನಾಟ್ ಲೀಕ್’ ಎಂದು ಬರೆಯುವಾಗ, ಆ ವಿಳಾಸ ಎಲ್ಲಿ ಅಡಗಿದೆ ಎಂಬುದನ್ನೂ ಪಕ್ಕದಲ್ಲೇ ಒಂದು ಸಾಲು ಬರೆದಿಡಿ.